ಮನಸ್ಸಿನ ಕುಶಲಪ್ರಶ್ನೆ

ಇಬ್ಬರು ಪರಿಚಿತರು ದಾರಿಯಲ್ಲಿ ಎದುರಾದರೆ ಅವರ ಬಾಯಿಂದ ಮೊದಲು ಹೊರಡುವ ಮಾತು ಕುಶಲಪ್ರಶ್ನೆ. “ಚೆನ್ನಾಗಿದ್ದೀರಾ?” ಎಂದು ಒಬ್ಬರು ಕೇಳುತ್ತಾರೆ, “ಚೆನ್ನಾಗಿದ್ದೇವೆ” ಎಂದು ಇನ್ನೊಬ್ಬರು ಹೇಳುತ್ತಾರೆ. ಹಿಂದಿನವರು ಕಾಗದ ಬರೆಯುವಾಗ ‘ಉಭಯ ಕುಶಲೋಪರಿ’ ಎಂದು ಆರಂಭಿಸಿ, ಇತ್ತ ಎಲ್ಲರೂ ಕ್ಷೇಮವೆಂದು ತಿಳಿಸಿ, ಅತ್ತ ಕಡೆಯ ಕ್ಷೇಮಕ್ಕೆ ಬರೆಯತಕ್ಕದ್ದೆಂದು ಕೇಳಿಕೊಳ್ಳುತ್ತಿದ್ದರು. ಬರೆದು ಬರೆದು ರೂಢಿಯಾದ ಮೇಲೆ ‘ಉಭಯ ಕುಶಲೋಪರಿ’ಯು ‘ಉ. ಕು.’ ಎಂಬ ಎರಡೇ ಅಕ್ಷರಗಳಿಗೆ ಇಳಿಯಿತು. ಬಾಯಿಮಾತಿನ ಕುಶಲಪ್ರಶ್ನೆಯ ಗತಿಯೂ ಹೆಚ್ಚುಕಡಿಮೆ ಹೀಗೆಯೇ ಆಗಿದೆ. ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಹೇಳುವವರು ಯೋಚಿಸಿ ಹೇಳುವುದಿಲ್ಲ. ಮೈ ಸರಿಯಿಲ್ಲದಿದ್ದರೆ ಒಂದು ಮಾತು ಹೊರಬಿದ್ದೀತು. ಮನಸ್ಸು ಸರಿಯಿಲ್ಲದಿದ್ದರೆ ಅದು ಒಳಗೇ ಉಳಿಯುತ್ತದೆ. ಹದಿಹರೆಯದವರಲ್ಲಿ ಹೀಗೆ ಒಳಗೇ ಉಳಿದುಬಿಡುವ ಒಂದು ಕಾಯಿಲೆಯನ್ನು ಕಂಡುಹಿಡಿಯಲು ವೈದ್ಯರು ಕುಶಲಪ್ರಶ್ನೆಯನ್ನೇ ಕ್ರಮಬದ್ಧವಾದ ಒಂದು ಸಾಧನವನ್ನಾಗಿ ಮಾಡಿಕೊಂಡಿದ್ದಾರೆ. ಆ ಕಾಯಿಲೆಯ ಹೆಸರು ಖಿನ್ನತೆ.

ಹದಿನಾಲ್ಕು ವರ್ಷದ ಬಾಲಕಿಯೊಬ್ಬಳು ತಾಯಿಯೊಡನೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾಳೆಂದು ಭಾವಿಸೋಣ. ಹೊಟ್ಟೆನೋವು, ತಲೆನೋವು, ಊಟ ಸೇರುವುದಿಲ್ಲ ಎಂಬುದು ಅವಳ ದೂರು. ಹೊರಗೆ ರೋಗಿಗಳ ಸಾಲು ಉದ್ದವಾಗಿದೆ. ವೈದ್ಯರು ಹೊಟ್ಟೆಯನ್ನು ಒತ್ತಿ ನೋಡುತ್ತಾರೆ. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ರಕ್ತಹೀನತೆಯುಂಟೇ ಎಂದು ಪರೀಕ್ಷಿಸುತ್ತಾರೆ. ಜಂತುಹುಳುವಿಗೆ ಒಂದು ಮಾತ್ರೆ, ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು ಕಳುಹಿಸುತ್ತಾರೆ. ಎರಡು ವಾರಗಳ ಬಳಿಕ ಅವಳು ಅದೇ ನೋವನ್ನು ಹೇಳಿಕೊಂಡು ಮತ್ತೆ ಬರುತ್ತಾಳೆ. ಮೂರನೆಯ ಬಾರಿಯೂ ಬರುತ್ತಾಳೆ. ಖೋ ಖೋ ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಈಗ ಬಯಲಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ತಾನು ಮನೆಯವರಿಗೆ ಹೊರೆಯಾದೆನೆಂಬ ಯೋಚನೆ ದಿನವೂ ಕೊರೆಯುತ್ತದೆ. ಇವನ್ನು ಅವಳಲ್ಲಿ ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ. ಇವು ಆಸ್ಪತ್ರೆಯಲ್ಲಿ ಹೇಳತಕ್ಕ ಸಂಗತಿಗಳೆಂಬುದೇ ಅವಳಿಗೆ ತಿಳಿದಿಲ್ಲ.

ದುಃಖ ಬೇರೆ, ಖಿನ್ನತೆ ಬೇರೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ, ಗೆಳೆಯರೊಡನೆ ಜಗಳವಾದಾಗ, ಮನೆಯಲ್ಲಿ ಸಾವುನೋವು ಸಂಭವಿಸಿದಾಗ ದುಃಖವಾಗುವುದು ಸಹಜ. ಆ ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುನಡುವೆ ನಗು, ಹಸಿವು, ನಿದ್ದೆಗಳೂ ಮರಳುತ್ತವೆ. ಖಿನ್ನತೆಯಲ್ಲಿ ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇರುತ್ತದೆ. ಇಲ್ಲವೇ ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಹುಟ್ಟುವುದಿಲ್ಲ. ಅದರೊಡನೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆಗಳೂ ಕೆಡುತ್ತವೆ. ಹದಿಹರೆಯದಲ್ಲಿ ಈ ಕಾಯಿಲೆ ವೇಷ ಮರೆಸಿಕೊಂಡು ಬರುವುದೂ ಉಂಟು. ಅಳುವಿನ ಬದಲು ಸಿಡುಕು ಕಾಣಿಸಿಕೊಳ್ಳುತ್ತದೆ. ಮನಸ್ಸಿನ ನೋವು ಹೊಟ್ಟೆನೋವಾಗಿ, ತಲೆನೋವಾಗಿ ತೋರುತ್ತದೆ. ತಂದೆತಾಯಿಗಳು ಅದನ್ನು ಮೊಂಡುತನವೆನ್ನುತ್ತಾರೆ, ಉಪಾಧ್ಯಾಯರು ಸೋಮಾರಿತನವೆನ್ನುತ್ತಾರೆ, ನೆರೆಯವರು ವಯಸ್ಸಿನ ದೋಷವೆನ್ನುತ್ತಾರೆ. ‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಯನ್ನು ಎಲ್ಲರೂ ನೆನಪಿಸುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಮಾರ್ಗ ಹುಡುಕಬೇಕಾದ ಮನಸ್ಸೇ ಕಾಯಿಲೆ ಬಿದ್ದಾಗ ಅದಕ್ಕೆ ಉಪದೇಶಕ್ಕಿಂತ ಚಿಕಿತ್ಸೆಯ ಅಗತ್ಯ ಹೆಚ್ಚು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು, ಎಂದರೆ ನಿಮ್ಹಾನ್ಸ್, 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. 13ರಿಂದ 17 ವರ್ಷದವರಲ್ಲಿ 100ಕ್ಕೆ 7ಕ್ಕೂ ತುಸು ಹೆಚ್ಚು ಮಂದಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಇರುವುದು ಅದರಿಂದ ತಿಳಿದುಬಂದಿತು. ಖಿನ್ನತೆ ಅವುಗಳಲ್ಲಿ ಒಂದು. ಇಂಥವರಲ್ಲಿ ಬಹುಮಂದಿ ಮನೋವೈದ್ಯರ ಬಳಿಗೆ ಹೋಗುವುದೇ ಇಲ್ಲ. ಆದರೆ ಜ್ವರ, ನೆಗಡಿ, ಗಾಯ, ಹೊಟ್ಟೆನೋವು ಎಂದು ಸಾಮಾನ್ಯ ವೈದ್ಯರ ಬಾಗಿಲಿಗೆ ಎಲ್ಲರೂ ಒಂದಲ್ಲ ಒಂದು ದಿನ ಬರುತ್ತಾರೆ. ಆದುದರಿಂದ ಆ ಮೊದಲ ಬಾಗಿಲಿನಲ್ಲಿಯೇ ಮನಸ್ಸಿನ ಕ್ಷೇಮವನ್ನೂ ವಿಚಾರಿಸಬೇಕೆಂಬ ಆಲೋಚನೆ ವೈದ್ಯಲೋಕದಲ್ಲಿ ಬಲಗೊಂಡಿತು.

ಕಾಯಿಲೆಯ ದೂರನ್ನು ಹೇಳದವರನ್ನೂ ಒಂದು ಸರಳ ಪರೀಕ್ಷೆಗೆ ಒಳಪಡಿಸಿ, ಯಾರಿಗೆ ಹೆಚ್ಚಿನ ವಿಚಾರಣೆ ಅಗತ್ಯವೆಂದು ಬೇರ್ಪಡಿಸುವ ಕ್ರಮವನ್ನು ವೈದ್ಯರು ‘ಸ್ಕ್ರೀನಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಜರಡಿ ತಪಾಸಣೆ ಎಂದು ಕರೆಯಬಹುದು. ಗೋಡೆಗೆ ಅಕ್ಷರಗಳ ಹಾಳೆಯನ್ನು ತೂಗುಹಾಕಿ ಶಾಲೆಯ ಮಕ್ಕಳ ಕಣ್ಣನ್ನು ಪರೀಕ್ಷಿಸುವುದು ಇಂಥದೇ ತಪಾಸಣೆ. ಕೆಳಗಿನ ಸಾಲು ಕಾಣದ ಮಗುವಿಗೆ ಅಲ್ಲಿಯೇ ಕನ್ನಡಕ ಕೊಡುವುದಿಲ್ಲ. ಕಣ್ಣಿನ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಆದರೆ ರಕ್ತವನ್ನು ಪರೀಕ್ಷಿಸಿಯಾಗಲಿ ಎಕ್ಸ್-ರೇ ತೆಗೆದಾಗಲಿ ಖಿನ್ನತೆಯನ್ನು ಗುರುತಿಸಲಾಗದು. ಅದನ್ನು ಮಾತಿನಿಂದಲೇ ತಿಳಿಯಬೇಕು, ಕೇಳಿಯೇ ಕಂಡುಹಿಡಿಯಬೇಕು.

ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದಕ್ಕೆ ಒಂದು ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಪ್ರಮುಖರು. ಸಾಮಾನ್ಯ ವೈದ್ಯರ ಬಳಿಗೆ ಬರುವ ರೋಗಿಗಳ ಮಾನಸಿಕ ತೊಂದರೆಗಳನ್ನು ಗುರುತಿಸಲು ಅವರೂ ಅವರ ಸಹೋದ್ಯೋಗಿಗಳೂ 1994ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ರೋಗಿ ಒಂದು ಹಾಳೆಯನ್ನು ತುಂಬಿದ ಮೇಲೆ ವೈದ್ಯರೇ ಕುಳಿತು ಮತ್ತೆ ಹಲವು ಪ್ರಶ್ನೆಗಳನ್ನು ಕೇಳಬೇಕಾಗಿತ್ತು. ಹೊರಗೆ ಸಾಲು ಬೆಳೆಯುತ್ತಿರುವಾಗ ಅಷ್ಟು ಬಿಡುವು ವೈದ್ಯರಿಗೆ ಎಲ್ಲಿಂದ ಬರಬೇಕು? ಆದುದರಿಂದ ರೋಗಿಯೇ ಪೂರ್ತಿಯಾಗಿ ತುಂಬಬಹುದಾದ ಹೊಸ ರೂಪವನ್ನು 1999ರಲ್ಲಿ ಹೊರತಂದರು. ಅದರಲ್ಲಿ ಖಿನ್ನತೆಗೆ ಸಂಬಂಧಿಸಿದ ಒಂಬತ್ತು ಪ್ರಶ್ನೆಗಳ ಭಾಗವೊಂದಿತ್ತು. ಕರ್ಟ್ ಕ್ರೋಂಕೆ, ಸ್ಪಿಟ್ಜರ್ ಮತ್ತು ಜಾನೆಟ್ ವಿಲಿಯಮ್ಸ್ ಅವರು ಆ ಭಾಗವನ್ನು 15 ಚಿಕಿತ್ಸಾಲಯಗಳ 6,000 ರೋಗಿಗಳಲ್ಲಿ ಪರಿಶೀಲಿಸಿ 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ‘ಪಿಎಚ್‌ಕ್ಯು-9’ ಎಂಬ ಹೆಸರಿನಿಂದ ಅದು ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಮೂಲ ಪ್ರಶ್ನಾವಳಿಯನ್ನು ಹದಿಹರೆಯದವರಿಗೆ ಹೊಂದುವಂತೆ ಮಾರ್ಪಡಿಸಿದ ರೂಪವು 2002ರಲ್ಲಿ ಬಂದಿತು.

ಈ ಒಂಬತ್ತು ಪ್ರಶ್ನೆಗಳೂ ಕಳೆದ ಎರಡು ವಾರಗಳಿಗೆ ಸಂಬಂಧಿಸಿದವು. ಮಾಡುವ ಕೆಲಸದಲ್ಲಿ ಆಸಕ್ತಿ ಕುಂದಿದೆಯೇ? ಮನಸ್ಸು ಕುಗ್ಗಿದೆಯೇ, ಸಿಡುಕಾಗಿದೆಯೇ? ನಿದ್ದೆ ಬಾರದಿರುವುದು ಅಥವಾ ಅತಿಯಾಗಿ ಬರುವುದು ಉಂಟೇ? ಆಯಾಸವೆನ್ನಿಸುತ್ತದೆಯೇ? ಊಟ ಕಡಿಮೆಯಾಗಿದೆಯೇ, ಮಿತಿಮೀರಿದೆಯೇ? ತಾನು ಕೆಲಸಕ್ಕೆ ಬಾರದವನು, ಮನೆಯವರಿಗೆ ಕೆಟ್ಟ ಹೆಸರು ತಂದವನು ಎಂದು ತೋರುತ್ತದೆಯೇ? ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲವೇ? ನಡೆನುಡಿ ಇತರರ ಗಮನಕ್ಕೆ ಬರುವಷ್ಟು ನಿಧಾನವಾಗಿದೆಯೇ, ಇಲ್ಲವೇ ಕುಳಿತಲ್ಲಿ ಕುಳಿತಿರಲಾರದ ಚಡಪಡಿಕೆಯುಂಟೇ? ಹೀಗೆ ಎಂಟು ಪ್ರಶ್ನೆಗಳು ಸಾಗುತ್ತವೆ. ಒಂಬತ್ತನೆಯದು, ಬದುಕುವುದೇ ಬೇಡವೆಂದು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂದು ಅನ್ನಿಸಿದ್ದುಂಟೇ ಎಂಬುದು. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳಿವೆ: ಇಲ್ಲವೇ ಇಲ್ಲವೆಂದರೆ 0, ಕೆಲವು ದಿನವೆಂದರೆ 1, ಅರ್ಧಕ್ಕಿಂತ ಹೆಚ್ಚು ದಿನವೆಂದರೆ 2, ಹೆಚ್ಚುಕಡಿಮೆ ಪ್ರತಿದಿನವೆಂದರೆ 3. ಎಲ್ಲವನ್ನೂ ಕೂಡಿದರೆ ಮೊತ್ತ 0ಯಿಂದ 27ರವರೆಗೆ ಬರುತ್ತದೆ. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ವೈದ್ಯರು ಮುಂದಿನ ವಿಚಾರಣೆಗೆ ತೊಡಗುತ್ತಾರೆ. ಹದಿಹರೆಯದವರಿಗೆ 11ನ್ನು ಗಡಿಯಾಗಿ ಇಟ್ಟುಕೊಳ್ಳುವುದು ಮೇಲೆಂದು 2010ರ ಅಧ್ಯಯನವೊಂದು ಸೂಚಿಸಿತು. ಒಂಬತ್ತನೆಯ ಪ್ರಶ್ನೆಗೆ ಮಾತ್ರ ಈ ಗಡಿ ಅನ್ವಯಿಸದು. ಅದಕ್ಕೆ ‘ಹೌದು’ ಎಂಬರ್ಥದ ಯಾವ ಉತ್ತರ ಬಂದರೂ, ಮೊತ್ತ ಎಷ್ಟೇ ಇರಲಿ, ವೈದ್ಯರು ಆ ದಿನವೇ ಅವರೊಡನೆ ಏಕಾಂತದಲ್ಲಿ ಮಾತನಾಡಬೇಕು.

ಇಂಥ ಪ್ರಶ್ನೆಯನ್ನು ಎಳೆಯರಲ್ಲಿ ಕೇಳಬಹುದೇ, ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೇ ಎಂಬ ಭಯ ಹಿರಿಯರಲ್ಲಿ ಸಹಜ. ಈ ಭಯ ಎಷ್ಟು ನಿಜವೆಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳಲ್ಲಿ ಪರೀಕ್ಷಿಸಿ ನೋಡಿದರು. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಇಂಥ ಪ್ರಶ್ನೆಗಳನ್ನು ಕೇಳಿದರು. ಇನ್ನೊಂದು ಗುಂಪಿಗೆ ಕೇಳಲಿಲ್ಲ. ಪ್ರಶ್ನೆ ಕೇಳಿಸಿಕೊಂಡವರ ಮನಸ್ಸು ಅದರಿಂದ ಹೆಚ್ಚು ಕದಡಲಿಲ್ಲವೆಂದೂ, ಮೊದಲೇ ಖಿನ್ನರಾಗಿದ್ದವರಲ್ಲಿ ಕಳವಳ ತುಸು ಕಡಿಮೆಯಾದಂತೆ ಕಂಡಿತೆಂದೂ 2005ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಹೊತ್ತ ಭಾರವನ್ನು ಯಾರಾದರೂ ಗಮನಿಸಿದರೆಂಬುದೇ ಒಂದು ಸಮಾಧಾನ.

ಪ್ರಶ್ನೆಯನ್ನು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ತರುವುದೂ ಎಚ್ಚರದಿಂದ ಮಾಡಬೇಕಾದ ಕೆಲಸ. ಕನ್ನಡದ ‘ಬೇಜಾರು’ ಎಂಬ ಒಂದು ಮಾತನ್ನೇ ನೋಡಬಹುದು. ಮಳೆಯಿಂದ ಆಟ ನಿಂತರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಬದುಕೇ ಬರಿದೆನ್ನಿಸಿದರೂ ಬೇಜಾರು. ಬಾಲಕಿಯೊಬ್ಬಳು “ಬೇಜಾರಾಗಿದೆ” ಎಂದಾಗ ಅವಳು ಇವುಗಳಲ್ಲಿ ಯಾವುದನ್ನು ಹೇಳುತ್ತಿದ್ದಾಳೆಂದು ಹಾಳೆಯು ತಿಳಿಸಲಾರದು. “ಯಾವಾಗಿನಿಂದ ಹೀಗೆ? ದಿನವೂ ಹೀಗೆಯೇ ಇರುತ್ತದೆಯೇ?” ಎಂದು ಎದುರಿಗೆ ಕುಳಿತವರು ಕೇಳಿದಾಗಲೇ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ.

ಜರಡಿಯ ಗುಣದೋಷಗಳನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ರಾಗಿಯ ಹಿಟ್ಟನ್ನು ಜರಡಿ ಹಿಡಿದಾಗ ಮೇಲೆ ಉಳಿದದ್ದೆಲ್ಲ ಹೊಟ್ಟಲ್ಲ. ಗಂಟು ಕಟ್ಟಿದ ಒಳ್ಳೆಯ ಹಿಟ್ಟೂ ಅದರಲ್ಲಿರುತ್ತದೆ. ಬೆರಳಿನಿಂದ ಹಿಸುಕಿದರೆ ಅದು ಪುಡಿಯಾಗಿ ಇಳಿಯುತ್ತದೆ. ಕೆಳಗಿಳಿದದ್ದೆಲ್ಲ ಹಿಟ್ಟೂ ಅಲ್ಲ. ನುಣ್ಣನೆಯ ಮರಳು ಅದರೊಡನೆ ಜಾರಿರುವುದುಂಟು. ಇದನ್ನೇ ಲೆಕ್ಕದ ಮೂಲಕ ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಪ್ರದೇಶದ 1,000 ವಿದ್ಯಾರ್ಥಿಗಳಲ್ಲಿ 50 ಮಂದಿಗೆ ಖಿನ್ನತೆಯಿದೆ. ಪ್ರಶ್ನಾವಳಿಯು ಖಿನ್ನತೆಯಿರುವ ಪ್ರತಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ಇಲ್ಲದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದು ಇಟ್ಟುಕೊಳ್ಳೋಣ. ಆಗ 50 ಮಂದಿಯಲ್ಲಿ 45 ಮಂದಿ ಸಿಗುತ್ತಾರೆ. 5 ಮಂದಿ ಜಾರಿಹೋಗುತ್ತಾರೆ. ಉಳಿದ 950 ಮಂದಿಯಲ್ಲಿ 95 ಮಂದಿ ಕಾಯಿಲೆಯಿಲ್ಲದೆಯೇ ಜರಡಿಯ ಮೇಲೆ ಉಳಿಯುತ್ತಾರೆ. ಎಂದರೆ ಹೆಚ್ಚು ಅಂಕ ಪಡೆದ 140 ಮಂದಿಯಲ್ಲಿ ನಿಜವಾಗಿ ಖಿನ್ನತೆಯಿರುವವರು 45 ಮಂದಿ ಮಾತ್ರ. ಒಳ್ಳೆಯ ಜರಡಿಯಿಂದಲೇ ಹೀಗಾಗುವುದಾದರೆ ಬರಿಯ ಅಂಕವನ್ನು ನೋಡಿ ಒಬ್ಬರಿಗೆ ರೋಗಿಯೆಂಬ ಹೆಸರು ಕಟ್ಟುವುದು ಎಂಥ ಅನ್ಯಾಯವೆಂಬುದು ಸ್ಪಷ್ಟ. ಕಡಿಮೆ ಅಂಕ ಬಂದವರ ನೋವನ್ನು ಸುಳ್ಳೆನ್ನುವುದೂ ಅಷ್ಟೇ ಅನ್ಯಾಯ. ಅಂಕದ ಬಳಿಕ ಬಲ್ಲವರೊಡನೆ ಸಾವಧಾನದ ಮಾತುಕತೆ ನಡೆಯಲೇಬೇಕು.

ಈ ಕಾರಣದಿಂದಲೇ ಜರಡಿ ತಪಾಸಣೆಯ ವಿಷಯದಲ್ಲಿ ತಜ್ಞರು ಬಹಳ ಚರ್ಚಿಸಿದ್ದಾರೆ. ಬ್ರಿಟನ್ನಿನ ವಿಲ್ಸನ್ ಮತ್ತು ಸ್ವೀಡನ್ನಿನ ಯುಂಗ್ನರ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ಹತ್ತು ತತ್ತ್ವಗಳನ್ನು ನಿರೂಪಿಸಿದರು. ಕಂಡುಹಿಡಿದ ರೋಗವನ್ನು ಖಚಿತಪಡಿಸಿಕೊಳ್ಳುವ ಮತ್ತು ಗುಣಪಡಿಸುವ ಸೌಕರ್ಯ ಇರಬೇಕೆಂಬುದು ಅವುಗಳಲ್ಲಿ ಒಂದು. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆಯು, 12ರಿಂದ 18 ವರ್ಷದವರನ್ನು ಖಿನ್ನತೆಗಾಗಿ ತಪಾಸಣೆ ಮಾಡಬೇಕೆಂದು 2009ರಲ್ಲಿ ಸಲಹೆ ಮಾಡಿದಾಗ ಈ ತತ್ತ್ವವನ್ನೇ ಷರತ್ತಾಗಿ ಇಟ್ಟಿತು. ಸರಿಯಾದ ರೋಗನಿರ್ಣಯ, ಚಿಕಿತ್ಸೆ, ಮುಂದಿನ ಆರೈಕೆ ಇವುಗಳ ಏರ್ಪಾಡು ಇದ್ದರೆ ಮಾತ್ರ ತಪಾಸಣೆ ಮಾಡಬೇಕೆಂದಿತು. 2016ರಲ್ಲಿಯೂ 2022ರಲ್ಲಿಯೂ ತಪಾಸಣೆಯ ಸಲಹೆಯನ್ನು ಅದು ಮತ್ತೆ ಎತ್ತಿಹಿಡಿಯಿತು. ಆದರೆ 11 ವರ್ಷ ಮತ್ತು ಅದಕ್ಕಿಂತ ಕಿರಿಯರ ವಿಷಯದಲ್ಲಿ ಸಲಹೆ ನೀಡಲು ಸಾಕಷ್ಟು ಆಧಾರವಿಲ್ಲವೆಂದಿತು. ಎಲ್ಲರನ್ನೂ ತಪಾಸಣೆ ಮಾಡುವುದರಲ್ಲಿ ಪ್ರಯೋಜನ ಸಿದ್ಧವಾಗಿಲ್ಲವೆಂದು ವಾದಿಸುವ ತಜ್ಞರೂ ಇದ್ದಾರೆ. ಕೆನಡಾ ದೇಶದ ಇಂಥದೇ ಕಾರ್ಯಪಡೆಯು 2013ರಲ್ಲಿ, ವಯಸ್ಕರನ್ನು ವಾಡಿಕೆಯಾಗಿ ಖಿನ್ನತೆಯ ತಪಾಸಣೆಗೆ ಒಳಪಡಿಸುವುದು ಬೇಡವೆಂದಿತು. ಈ ಭಿನ್ನಾಭಿಪ್ರಾಯದ ನಡುವೆಯೂ ಒಂದು ಮಾತಿನಲ್ಲಿ ಎರಡು ಪಕ್ಷಗಳೂ ಒಂದಾಗಿವೆ. ಕೇಳಿದ ಮೇಲೆ ಕೈಬಿಡಬಾರದು. ಮುಂದಿನ ನೆರವಿಲ್ಲದೆ ಹಾಳೆ ತುಂಬಿಸುವುದು, ಬಾವಿಗೆ ಬಿದ್ದವರನ್ನು ಇಣುಕಿ ನೋಡಿ ಹಗ್ಗ ಬಿಡದೆ ಹೋದಂತೆ.

ನೆರವು ದೊರೆತರೆ ಗುಣವಾಗುವುದುಂಟೇ? ಉಂಟು. ಅಮೆರಿಕದಲ್ಲಿ ಖಿನ್ನತೆಯಿದ್ದ 12ರಿಂದ 17 ವರ್ಷದ 439 ಮಂದಿಗೆ 12 ವಾರ ಚಿಕಿತ್ಸೆ ನೀಡಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 100ಕ್ಕೆ 35 ಮಂದಿ ಚೇತರಿಸಿಕೊಂಡರೆ, ಮಾತಿನ ಚಿಕಿತ್ಸೆ ಮತ್ತು ಔಷಧ ಎರಡನ್ನೂ ಪಡೆದವರಲ್ಲಿ 71 ಮಂದಿ ಚೇತರಿಸಿಕೊಂಡರು. ಮಾತಿನ ಚಿಕಿತ್ಸೆಯೆಂದರೆ ಬರಿಯ ಸಾಂತ್ವನವಲ್ಲ. ತನ್ನ ಯೋಚನೆಗಳನ್ನು ತಾನೇ ಪರೀಕ್ಷಿಸುವುದು, ಬಿಟ್ಟುಹೋದ ಚಟುವಟಿಕೆಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವುದು, ಸಮಸ್ಯೆಯನ್ನು ಬಿಡಿಬಿಡಿಯಾಗಿ ಬಿಡಿಸುವುದು ಇವನ್ನು ಅದರಲ್ಲಿ ಅಭ್ಯಾಸ ಮಾಡಿಸುತ್ತಾರೆ. ಎಲ್ಲರಿಗೂ ಔಷಧ ಬೇಕಾಗುವುದಿಲ್ಲ; ಬೇಕಾದವರಿಗೆ ವೈದ್ಯರ ನಿಗಾದಲ್ಲಿಯೇ ಕೊಡಬೇಕಾಗುತ್ತದೆ.

ಪ್ರತಿಯೊಂದು ಊರಿಗೂ ಮನೋವೈದ್ಯರನ್ನು ಒದಗಿಸುವುದು ನಮ್ಮ ದೇಶದಲ್ಲಿ ಸುಲಭವಲ್ಲ. ಹಾಗಾದರೆ ಕೇಳುವವರು ಯಾರು? ಇದಕ್ಕೆ ಉತ್ತರ ಹುಡುಕಿದ ಪ್ರಯೋಗವೊಂದು ಕರ್ನಾಟಕದಲ್ಲಿಯೇ ನಡೆಯಿತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ತರಬೇತಿ ಕೊಟ್ಟಿತು. ಹದಿಹರೆಯದವರ ಖಿನ್ನತೆಗೆಂದೇ ಹಾಕಿಕೊಂಡ ಯೋಜನೆ ಅದಾಗಿರಲಿಲ್ಲ. ಆದರೂ ಮನಸ್ಸಿನ ಕಾಯಿಲೆಗೆ ಹಳ್ಳಿಯ ಸಮೀಪದಲ್ಲಿಯೇ, ಸಾಮಾನ್ಯ ವೈದ್ಯರಿಂದಲೇ ಆರೈಕೆ ದೊರೆಯಬಲ್ಲುದೆಂಬುದನ್ನು ಅದು ತೋರಿಸಿಕೊಟ್ಟಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 10ರಿಂದ 19 ವರ್ಷದವರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 2014ರಲ್ಲಿ ಬಂದಿತು. ಅದರಲ್ಲಿ ಮಾನಸಿಕ ಆರೋಗ್ಯಕ್ಕೂ ಸ್ಥಾನವಿದೆ. ಹದಿಹರೆಯದವರು ಸಂಕೋಚವಿಲ್ಲದೆ ಮಾತನಾಡಲೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಏರ್ಪಡಿಸಿದ ಆಪ್ತ ಚಿಕಿತ್ಸಾಲಯಗಳು ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಹೆಸರನ್ನು ಪಡೆದಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರ್ಕಾರದ ಸೇವೆಗಳಲ್ಲಿ ಇಂಥ ಆರೈಕೆ ಪಡೆಯುವುದನ್ನು ಒಂದು ಹಕ್ಕೆಂದು ಸಾರಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಹಣವಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ವ್ಯವಸ್ಥೆಗಳೆಷ್ಟೇ ಇದ್ದರೂ ವಿಶ್ವಾಸವಿಲ್ಲದ ಕಡೆ ಯಾರೂ ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ ಎಲ್ಲರೆದುರು ಹಾಳೆ ಹಂಚಿ, ಅಂಕಗಳನ್ನು ಗಟ್ಟಿಯಾಗಿ ಓದಿದರೆ ಮರುವರ್ಷ ಎಲ್ಲರ ಉತ್ತರವೂ ಸೊನ್ನೆಯಾಗುತ್ತದೆ. ಆದುದರಿಂದ ಮರೆಯಲ್ಲಿ ಕೇಳುವುದು, ಕೇಳಿದ್ದನ್ನು ಗುಟ್ಟಾಗಿಡುವುದು ಈ ತಪಾಸಣೆಯ ಪ್ರಾಣ. ಗುಟ್ಟಿಗೆ ಒಂದು ಎಲ್ಲೆ ಮಾತ್ರ ಉಂಟು. ಜೀವಕ್ಕೆ ಅಪಾಯವಿದೆಯೆಂದು ತೋರಿದರೆ ಕಾಪಾಡಬಲ್ಲ ಹಿರಿಯರಿಗೆ ತಿಳಿಸಲೇಬೇಕು. ಈ ನಿಯಮ ವೈದ್ಯರಿಗೆ ಹೇಗೋ ಗೆಳೆಯರಿಗೂ ಹಾಗೆಯೇ. “ಯಾರಿಗೂ ಹೇಳಬೇಡ” ಎಂದು ಆಣೆಯಿಡಿಸಿ ಗೆಳತಿಯೊಬ್ಬಳು ಅಂಥ ಮಾತನ್ನಾಡಿದರೆ, ಆ ಆಣೆಗಿಂತ ಅವಳ ಜೀವ ದೊಡ್ಡದು. ಅವಳೊಡನೆ ಇದ್ದು, ನಂಬಿಕೆಯ ಉಪಾಧ್ಯಾಯರಿಗೋ ಮನೆಯ ಹಿರಿಯರಿಗೋ ಆ ಕೂಡಲೇ ತಿಳಿಸುವುದು ಚಾಡಿಯಾಗುವುದಿಲ್ಲ.

ಆ ಹದಿನಾಲ್ಕು ವರ್ಷದ ಬಾಲಕಿ ನಾಲ್ಕನೆಯ ಬಾರಿ ಆರೋಗ್ಯ ಕೇಂದ್ರಕ್ಕೆ ಬಂದಳೆಂದು ಭಾವಿಸೋಣ. ಈ ಸಲ ವೈದ್ಯರು ಮಾತ್ರೆಯ ಚೀಟಿ ಬರೆಯುವ ಮೊದಲು ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ಹೇಳುತ್ತಾರೆ. ಒಂಬತ್ತು ಪ್ರಶ್ನೆಗಳ ಹಾಳೆಯನ್ನು ಅವಳ ಮುಂದಿಡುತ್ತಾರೆ. ಅವಳು ತುಂಬಿಕೊಟ್ಟ ಹಾಳೆಯನ್ನು ನೋಡಿ, “ಬೆಳಗಿನ ಜಾವ ಎಚ್ಚರವಾದಾಗ ಏನು ಯೋಚನೆ ಬರುತ್ತದಮ್ಮ?” ಎಂದು ಕೇಳಿ ಸುಮ್ಮನಾಗುತ್ತಾರೆ. ಸಾಲು ಹೊರಗೆ ಬೆಳೆಯುತ್ತಲೇ ಇರುತ್ತದೆ. ಬಾಲಕಿ ಸ್ವಲ್ಪ ಹೊತ್ತು ನೆಲ ನೋಡುತ್ತಾಳೆ. ಬಳಿಕ ಮೆಲ್ಲನೆ ಹೇಳತೊಡಗುತ್ತಾಳೆ. ಅವಳ ಕಾಯಿಲೆ ಅಂದೇ ಗುಣವಾಗದು. ಹಲವು ವಾರಗಳ ಆರೈಕೆ ಮುಂದಿದೆ. ಆದರೆ ಅದರ ಆರಂಭ ಆ ಕ್ಷಣದಲ್ಲಿಯೇ ಆಗುತ್ತದೆ. ಅತ್ತ ಕಡೆಯ ಕ್ಷೇಮಕ್ಕೆ ಬರೆಯತಕ್ಕದ್ದೆಂದು ಹಿಂದಿನವರು ಕಾಗದದಲ್ಲಿ ಕೇಳಿ, ಮರುಟಪ್ಪಾಲಿಗಾಗಿ ಕಾಯುತ್ತಿದ್ದರು. ಹಾಗೆ ಉತ್ತರಕ್ಕೆ ಕಾದಾಗಲೇ ಕುಶಲಪ್ರಶ್ನೆ ಪೂರ್ಣವಾಗುತ್ತದೆ.